ಎಡಗಡೆ ಮುಕ್ಕಾಲು ಇಂಚು

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡುವ ಸತ್ತ ಅಜ್ಜಿ, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಅಂಗಡಿಗೆ ಬಂದ ಹೆಂಗಸರು ಅಂಥ ಕತೆ ತೆಗೆದರೆ, "ಅಮ್ಮಾ, ತೋಳು ಎಷ್ಟುದ್ದ ಬೇಕು ಅದನ್ನ ಹೇಳಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ.

ಹಲಸೂರಿನಲ್ಲಿ ನನ್ನದೊಂದು ಚಿಕ್ಕ ಟೈಲರ್ ಅಂಗಡಿ. ಬ್ಲೌಸು ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಇಪ್ಪತ್ತೈದು ವರ್ಷದ ಕೈ ಇದು, ಊರಿಗೊಬ್ಬಳೇ ಪದ್ಮಾವತಿ ಎನ್ನುವ ಜಂಬವೂ ನನಗಿತ್ತು.

ನನ್ನ ತಂಗಿ ಪುಷ್ಪಾ ಕಲ್ಯಾಣ ನಗರದಲ್ಲಿದ್ದಾಳೆ. ಅವಳಿಗೆ ರಕ್ತದ ಕ್ಯಾನ್ಸರ್ ಬಂದು, ತಿಂಗಳುಗಟ್ಟಲೆ ಕೀಮೋ ಆಗಿ, ಕೂದಲೆಲ್ಲ ಉದುರಿ ಮತ್ತೆ ಬಂದಿತ್ತು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದ ಡಾಕ್ಟರು ಎಲ್ಲ ಕ್ಲೀನ್ ಆಗಿದೆ ಎಂದಿದ್ದರು. ಆ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಸೀರೆ ಉಡಬೇಕೆಂದು ಅವಳಿಗೆ ಆಸೆ. ಸೋಂಕು ತಗುಲೀತೆಂದು ನಾವ್ಯಾರೂ ಅವಳ ಮನೆಗೆ ಹೋಗುತ್ತಿರಲಿಲ್ಲ. ಗಂಡನ ಕೈಯಲ್ಲಿ ಬಟ್ಟೆ ಕಳಿಸಿ ಫೋನ್ ಮಾಡಿದಳು: "ಸಣ್ಣ ಆಗ್ಬಿಟ್ಟಿದ್ದೀನಿ ಕಣಕ್ಕಾ. ನಿನ್ನ ಹತ್ರ ಇರೋ ಅಳತೆ ಬ್ಲೌಸಿಗಿಂತ ಎಲ್ಲಾ ಕಡೆ ಒಂದಿಂಚು ಕಮ್ಮಿ ಮಾಡು."

ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗಲೇ ಕತ್ತರಿಸಿಟ್ಟೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ಲೌಸಿನ ಬಟ್ಟೆಯನ್ನು ನಾವು ಮಡಚಿ, ಎರಡೂ ಪದರ ಒಟ್ಟಿಗೇ ಕತ್ತರಿಸುತ್ತೇವೆ. ಎಡ, ಬಲ ಒಂದೇ ಸಲಕ್ಕೆ ಬರುತ್ತವೆ. ಒಂದು ಕಡೆ ದೊಡ್ಡದಾಗಬೇಕೆಂದರೆ ಬೇಕೆಂದೇ ಮಡಿಕೆ ಬಿಚ್ಚಿ, ಬೇರೆ ಗೆರೆ ಎಳೆದು ಕತ್ತರಿಸಬೇಕು. ಹಾಗೆ ನಾನು ಯಾವತ್ತೂ ಮಾಡಿದವಳಲ್ಲ.

ಹುಕ್ಸು, ಹೆಮ್ಮಿಂಗ್ ಕೆಲಸಕ್ಕೆ ಪಕ್ಕದ ಬೀದಿಯ ಸೆಲ್ವಿಗೆ ಕೊಡುತ್ತೇನೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳು ಬ್ಲೌಸು ತಂದು ಮೇಜಿನ ಮೇಲೆ ಹರಡಿದಳು.

"ಏನಕ್ಕಾ ಇದು, ಎಡಗೈಗೆ ಒಂದು ಸೈಜು, ಬಲಗೈಗೆ ಒಂದು ಸೈಜಾ? ಕಣ್ಣು ಹೋಯ್ತಾ ನಿಮ್ದು?"

"ನಿನ್ನ ಕಣ್ಣು ಹೋಗಿರ್ಬೇಕು" ಎಂದು ಗದರಿ ಟೇಪು ಹಿಡಿದೆ. ಎಡಗಂಕುಳ ಸುತ್ತ ಮುಕ್ಕಾಲು ಇಂಚು ಹೆಚ್ಚಿತ್ತು. ತೋಳೂ ಅದಕ್ಕೆ ಸರಿಯಾಗಿ ಅಗಲವಾಗಿತ್ತು. ಅದಕ್ಕೇ ಹೊಲಿಯುವಾಗ ಎಲ್ಲೂ ಸುಕ್ಕು ಬಂದಿರಲಿಲ್ಲ, ನನಗೆ ಗೊತ್ತೂ ಆಗಿರಲಿಲ್ಲ. ಒಳಮಗ್ಗುಲು ತಿರುಗಿಸಿ ನೋಡಿದರೆ ಎಡಭಾಗಕ್ಕೆ ಬೇರೆಯೇ ಸೀಮೆಸುಣ್ಣದ ಗೆರೆ. ಗೆರೆ ನನ್ನದೇ. ಎಳೆದ ನೆನಪು ಮಾತ್ರ, ದೇವರಾಣೆ, ಇಲ್ಲ.

ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂತು. ಹಾಕಿಸಿ ನೋಡಿ, ಹೆಚ್ಚಾದದ್ದನ್ನು ಅಲ್ಲೇ ಒಳಗೆ ಹಿಡಿದುಬಿಡೋಣವೆಂದು ಮಾಸ್ಕ್ ಕಟ್ಟಿಕೊಂಡು ಆಟೋ ಹಿಡಿದೆ.

ಪುಷ್ಪಾ ಬ್ಲೌಸು ತೊಟ್ಟಳು. ಬಲಗಡೆ ಸರಿಯಾಗಿ ಕೂತಿತು. ಎಡಗಡೆ ದೊಗಲೆ ಇರಬೇಕಲ್ಲ, ಅದೂ ಸರಿಯಾಗಿ ಕೂತಿತು. ಪಿನ್ನು ಚುಚ್ಚಲು ಕಂಕುಳಿಗೆ ಕೈ ಹಾಕಿದರೆ ಹಿಡಿಯಲು ಬಟ್ಟೆಯೇ ಇಲ್ಲ. ಬೆರಳಿಗೆ ಸಿಕ್ಕಿದ್ದು ಗಟ್ಟಿಯಾದ ಒಂದು ಗಂಟು.

"ಏನೇ ಇದು?"

ಅವಳು ತಲೆ ತಗ್ಗಿಸಿದಳು. "ನೋವೇನಿಲ್ಲ ಕಣಕ್ಕಾ. ಒಂದು ವಾರ ಆಯ್ತು ಕೈಗೆ ಸಿಕ್ಕಿ. ಹಬ್ಬ ಮುಗೀಲಿ ಅಂತಿದ್ದೆ. ಮತ್ತೆ ಆ ಆಸ್ಪತ್ರೆಗೆ ಹೋಗೋಕೆ ನನ್ ಕೈಲಾಗಲ್ಲ."

ಬೈದೆ, ಅತ್ತೆ, ಅದೇ ಆಟೋದಲ್ಲಿ ಕೂರಿಸಿಕೊಂಡು ಹೋದೆ. ರಕ್ತದ ರಿಪೋರ್ಟ್ ಚೆನ್ನಾಗಿತ್ತು. ಮಜ್ಜೆಯೂ ಚೆನ್ನಾಗಿತ್ತು. ಗಂಟಿನಿಂದ ತುಣುಕು ತೆಗೆದು ನೋಡಿದಾಗ ಅದೇ ರಕ್ತದ ಕ್ಯಾನ್ಸರ್. ಮೂಳೆಯೊಳಗಿಂದ ಹೊರಬಿದ್ದು ಕಂಕುಳಲ್ಲಿ ಗಡ್ಡೆ ಕಟ್ಟಿಕೊಂಡು ಕೂತಿತ್ತು. ಹೀಗೂ ಆಗುತ್ತದೆಂದು ನಮಗೆಲ್ಲಿ ಗೊತ್ತಿತ್ತು? "ಹಾಳಾದ್ದನ್ನ ಕೊಯ್ದು ಬಿಸಾಕಿ ಸರ್" ಎಂದು ಕೈಮುಗಿದೆ. ಡಾಕ್ಟರು ಸಮಾಧಾನವಾಗಿ ಹೇಳಿದರು: "ಬರೀ ಗಡ್ಡೆ ತೆಗೆದ್ರೆ ಸಾಲಲ್ಲಮ್ಮ. ಇದು ಇಡೀ ಮೈಯಿನ ಕಾಯಿಲೆ. ಮತ್ತೆ ಕೀಮೋ ಕೊಟ್ಟು, ಆಮೇಲೆ ಬೇರೆಯವರಿಂದ ರಕ್ತ ಹುಟ್ಟಿಸೋ ಜೀವಕೋಶ ತಗೊಂಡು ಹಾಕ್ಬೇಕು. ಬೇಗ ಬಂದ್ರಿ, ಒಳ್ಳೇದಾಯ್ತು. ಹೇಗೆ ಗೊತ್ತಾಯ್ತು ನಿಮಗೆ?"

"ಬ್ಲೌಸು ಹಾಕಿ ನೋಡುವಾಗ" ಎಂದೆ. ಗೆರೆಯ ವಿಷಯ ಹೇಳಲಿಲ್ಲ.

ನನ್ನ ಕೋಶಗಳೇ ಅವಳಿಗೆ ಹೊಂದಿದವು. ಮೆಷಿನ್ ಪಕ್ಕ ಮಲಗಿಸಿ ಒಂದು ಕೈಯಿಂದ ರಕ್ತ ಎಳೆದು, ಬೇಕಾದ್ದನ್ನು ತೆಗೆದುಕೊಂಡು, ಇನ್ನೊಂದು ಕೈಗೆ ವಾಪಸ್ ಕೊಟ್ಟರು. ಆಮೇಲೆ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಬಾಯಿ ತುಂಬ ಹುಣ್ಣು, ಮೈಯೆಲ್ಲ ಕೆಂಪು ದದ್ದು. ಎರಡು ಸಲ ನಾವು ಅವಳ ಆಸೆಯನ್ನೇ ಬಿಟ್ಟಿದ್ದೆವು. ಆದರೂ ಬದುಕಿದಳು. ನಾಲ್ಕು ವರ್ಷವಾಯಿತು, ಗಂಡನನ್ನು ಬೈದುಕೊಂಡು ಆರಾಮವಾಗಿದ್ದಾಳೆ.

ನನಗೆ ಉಳಿದದ್ದು ಒಂದೇ ಪ್ರಶ್ನೆ. ಗಂಟು ಅವಳ ಕೈಗೇ ಸಿಗುವ ಮೊದಲು, ಅವಳನ್ನು ಕಣ್ಣಿನಿಂದ ಕೂಡ ನೋಡದೆ, ನಾನು ಮಡಿಕೆ ಬಿಚ್ಚಿದ್ದು ಏಕೆ? ಕೆಲಸದ ಆಯಾಸ ಎನ್ನಿ. ಆಯಾಸಕ್ಕೆ ಎಡಗಡೆಯೇ ಏಕೆ ಬೇಕಿತ್ತು?

ಹೋದ ತಿಂಗಳು ಪುಷ್ಪಾ ಹೊಸ ರೇಷ್ಮೆ ಕಳಿಸಿದಳು. ಎರಡು ಸಲ ಕತ್ತರಿ ಎತ್ತಿ ಮತ್ತೆ ಕೆಳಗಿಟ್ಟೆ. ಕೊನೆಗೆ ಫೋನ್ ಮಾಡಿ, "ಕಮರ್ಷಿಯಲ್ ಸ್ಟ್ರೀಟ್ ಕಡೆ ಒಳ್ಳೇ ಟೈಲರ್ ಇದ್ದಾರೆ, ಈ ಸಲ ಅಲ್ಲಿ ಕೊಡೇ" ಎಂದೆ.

"ನಂಗೂ ಭಯಾನೇ ಅಕ್ಕಾ" ಎಂದಳು. "ಆದ್ರೂ ನೀನೇ ಕಟ್ ಮಾಡು. ಏನಾದ್ರೂ ಇದ್ರೆ ನಿನ್ ಕೈಯಿಂದಾನೇ ಗೊತ್ತಾಗ್ಲಿ."

ಬಟ್ಟೆಯನ್ನು ಮಡಚಿಟ್ಟಿದ್ದೇನೆ. ಇನ್ನೂ ಕತ್ತರಿಸಿಲ್ಲ.