ಟಿಶ್ಯೂ ಮೇಲಿನ ಹನಿ

ಕಂಪ್ಯೂಟರ್ ತಂಪಾಗಿಡಲು ಅದರೊಳಗೆ ನೀರಿನ ಪೈಪು ಎಳೆಯುವ ಆಸೆ ನನ್ನದೇ. ಪೈಪು ಮಾರಿದ ಬಂಟ್ವಾಳದವನ ಮೇಲೆ ಮಾತ್ರ ನಂಬಿಕೆ ಹುಟ್ಟಲಿಲ್ಲ. ನನ್ನ ಹೆತ್ತು ಸಾಕಿ ತೀರಿಹೋದ ಉಮ್ಮನ ಫೋಟೊಗಳೆಲ್ಲ ಅದರಲ್ಲೇ ಇದ್ದವು, ಸೋರಿದರೆ ಖಲಾಸ್. ಅವನು ಹೇಳಿದಂತೆ ಕೆಳಗೆ ಟಿಶ್ಯೂ ಹಾಸಿ, ಬಿಸ್ಮಿಲ್ಲಾ ಎಂದು, ಕಂಪ್ಯೂಟರ್ ಹಚ್ಚದೆ, ಮೊದಲು ಪೈಪಿಗೆ ನೀರು ಹರಿಸುವ ಪಂಪನ್ನಷ್ಟೇ ಓಡಿಸಿದೆ. ನಮಾಜಿಗೆ ಹೊರಡುವಾಗಲೆಲ್ಲ ಬಗ್ಗಿ ನೋಡಿದರೆ ಟಿಶ್ಯೂ ಮೇಲೆ ಹನಿ.

“ಭಾಯ್, ಅಲ್ಲಾಹು ನೋಡುತ್ತಿದ್ದಾನೆ. ಹಳೇ ಮಾಲು ಕೊಟ್ಟದ್ದಲ್ಲವಾ?” ಎಂದು ಅವನನ್ನು ಫೋನಿನಲ್ಲಿ ಮೆಲ್ಲಗೆ ಕೇಳಿದೆ.

ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಅವನು ಅರಬ್ ನಾಡಿನ ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲ್ಯಾಟಿಗೇ ಬಂದ. ನಾನು ನಮಾಜಿಗೆ ಮುನ್ನ ಮುಖ, ಕಾಲು, ಮೊಣಕೈವರೆಗೆ ಕೈ ತೊಳೆದು, ವುಝೂ ಮುಗಿಸಿ, ಟಿಶ್ಯೂ ತೋರಿಸಲು ಬಗ್ಗಿದೆ.

“ಕಾಕ, ಪೈಪಲ್ಲ, ನಿಮ್ಮ ಮೊಣಕೈ ಸೋರ್ತಾ ಉಂಟು,” ಎಂದ.

ವುಝೂವಿನ ನೀರು ಒರೆಸುವ ಅಭ್ಯಾಸ ನನಗಿಲ್ಲ. ನಾಚಿಕೆಯಾಗಿ, ನಮಾಜು ನಡೆಸಲು ಅವನನ್ನೇ ಇಮಾಮ್ ಮಾಡಿ ಪಕ್ಕದಲ್ಲಿ ನಿಂತೆ. ಅದಕ್ಕೂ ಮೊದಲು, ಯಾವುದಕ್ಕೂ ಇರಲಿ ಎಂದು, ಪೈಪಿನಡಿ ಹೊಸ ಟಿಶ್ಯೂ ಹಾಸಿದ್ದೆ.