ಸೂರ್ಯಕಾಂತಿ ಹೊಲಕ್ಕೆ ಹೋದ ಟೋಪಿಗಳು

ಆಗಿನ್ನೂ ನಮ್ಮ ಯಲ್ಲದಕೆರೆ ಕಡೆಯ ಎರೆಹೊಲಗಳಲ್ಲಿ ಸೂರ್ಯಕಾಂತಿ ಹೊಸ ಬೆಳೆ. ಸಂಜೆಯಾದರೆ ಮಕ್ಕಳು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಶೇಂಗಾ ಹುರಿಯುವ ಘಮ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಬಾಲ್ಯದ ನೆನಪೆಂದರೆ ಎಲ್ಲರೂ ತಮ್ಮ ಬಾಲ್ಯವನ್ನು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ನನ್ನ ಮಗಳು ಚಂದ್ರಿಯ ಬಾಲ್ಯದ ಒಂದು ಮಳೆಗಾಲವನ್ನು. ಅದನ್ನು ಕೆಡಿಸಿದವನು ನಾನು. ಹಾಗಾಗಿ ನಾನೇ ಬರೆಯಬೇಕು.

ಅವಳಿಗೆ ಆಗ ಒಂಬತ್ತು ವರ್ಷ. ಅವಳಷ್ಟು ಎದುರುತ್ತರ ಕೊಡುವ ಮಗು ಊರಿನಲ್ಲೇ ಇರಲಿಲ್ಲ. ‘ಹಾಲು ಕುಡಿಯೇ’ ಎಂದರೆ ‘ಎಮ್ಮೆಗೇ ಬ್ಯಾಡಾಗಿದ್ದು ನನಗ್ಯಾಕೆ?’ ಎನ್ನುತ್ತಿದ್ದಳು. ಬೈಯುತ್ತಿದ್ದೆ, ಆದರೆ ಹೊಲಕ್ಕೆ ಹೋಗುವ ದಾರಿಯಲ್ಲಿ ನೆನೆದು ಒಬ್ಬನೇ ನಗುತ್ತಿದ್ದೆ.

ನನ್ನ ಅಣ್ಣ ತಿಪ್ಪೇಸ್ವಾಮಿ ಹಿರಿಯೂರಿನಲ್ಲಿ ಲಾರಿ ಡ್ರೈವರ್. ಮದುವೆಯಾಗಲಿಲ್ಲ. ಲಾರಿ ನಿಂತಾಗೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದ. ಬೀಡಿಯಿಲ್ಲ, ಹೆಂಡವಿಲ್ಲ. ಅವನಿಗಿದ್ದ ಚಟ ಒಂದೇ, ಹೋದ ಊರಿನಿಂದ ಒಂದು ಟೋಪಿ ತರುವುದು. ಹಿಮಾಚಲದ ಹಸಿರು ಪಟ್ಟಿಯದು, ಕಾಶ್ಮೀರದ ತುಪ್ಪಳದ್ದು, ಗುಜರಾತಿನ ಕನ್ನಡಿ ಕೂರಿಸಿದ್ದು, ಅಸ್ಸಾಮಿನ ಮೊರದಗಲದ ಬಿದಿರಿನದು. ನೂರರ ಹತ್ತಿರ ಆಗಿದ್ದವು. ಎಲ್ಲವೂ ಗೋಣಿಚೀಲಗಳಲ್ಲಿ ಮುದ್ದೆಯಾಗಿ ಬಿದ್ದಿರುತ್ತಿದ್ದವು.

ಆ ವರ್ಷ ಲಾರಿಗೆ ಹೊಸ ಬಾಡಿ ಕಟ್ಟಿಸುತ್ತಿದ್ದುದರಿಂದ ಅಣ್ಣ ಒಂದು ತಿಂಗಳು ಮನೆಯಲ್ಲೇ ಉಳಿದ. ಹೊಸದುರ್ಗದ ಕಡೆಯ ನನ್ನ ಹೆಂಡತಿಯ ತವರಿನಿಂದ ಬಂದ ತೆಂಗಿನಕಾಯಿಗಳನ್ನು ಕೊಬ್ಬರಿಯಾಗಲೆಂದು ಸಿಪ್ಪೆ ಸಮೇತ ಅಟ್ಟದ ಮೇಲೆ ಬಿಟ್ಟಿದ್ದೆವು. ಟೋಪಿಯ ಆಕಾರ ಕೆಡಬಾರದೆಂದರೆ ಅದಕ್ಕೊಂದು ತಲೆ ಬೇಕು, ಈ ಕಾಯಿಗಳೇ ತಲೆ ಎಂದು ಅಣ್ಣನಿಗೆ ಹೊಳೆಯಿತು. ದೊಡ್ಡಪ್ಪ, ಮಗಳು ಇಬ್ಬರೂ ಅಟ್ಟ ಹತ್ತಿದರು. ನಾನು ಕೆಳಗೆ ಹಗ್ಗ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದೆ.

“ದೊಡ್ಡಪ್ಪ, ಈ ಕಾಯಿ ಗುಳುಗುಳು ಅಂತೈತೆ.”

“ಹಂಗಂದ್ರೆ ಒಳಗೆ ನೀರೈತೆ. ಅದಕ್ಕೆ ಉಣ್ಣೆದು ಇಕ್ಕಬ್ಯಾಡ ತಾಯಿ, ತೇವ ಹೊಡಿತೈತೆ. ಒಣಗಿ ಲೊಟಲೊಟ ಅನ್ನಾದು ತಗಾ.”

“ಅಪ್ಪನ ತಲೆ ಅಲ್ಲಾಡ್ಸಿದ್ರೆ ಏನ್ ಸಪ್ಪಳ ಬರ್ತೈತೆ?”

“ನಿಮ್ಮಪ್ಪ ಎಸ್ಸೆಸ್ಸೆಲ್ಸಿ ಕಣವ್ವಾ. ಗಚ್ಚಾಗಿ ತುಂಬೈತೆ, ಸಪ್ಪಳನೇ ಬರಲ್ಲ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನನ್ನ ಮಗಳು ನನ್ನ ಜೊತೆ ಹಾಗೆ ಕೂತು ಒಂದು ಕೆಲಸ ಮಾಡಿದ್ದು ನೆನಪಿಗೆ ಬರಲಿಲ್ಲ.

ತಿಂಗಳು ಮುಗಿಯುವಷ್ಟರಲ್ಲಿ ಅಟ್ಟ ನೋಡುವಂತಾಗಿತ್ತು. ಉಣ್ಣೆಯವೆಲ್ಲ ಒಂದು ಸಾಲು, ಪ್ರತಿ ಟೋಪಿಯೊಳಗೆ ಒಣಗಿದ ಬೇವಿನೆಲೆ. ಬಟ್ಟೆಯವು ಇನ್ನೊಂದು ಸಾಲು. ಬಿದಿರಿನವು ಜಂತೆಗೆ ನೇತುಹಾಕಿದವು. ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಚಂದ್ರಿ ಒಂದೊಂದಕ್ಕೂ ಊರಿನ ಹೆಸರು ಬರೆದಿದ್ದಳು. ಕಾಯಿಗಳಿಗೆ ಸುಣ್ಣದಲ್ಲಿ ಕಣ್ಣು ಮೂಗು ಬರೆದು, ಬೇವು ಮತ್ತು ಕೊಬ್ಬರಿ ಬೆರೆತ ಆ ವಾಸನೆಯಲ್ಲಿ ಕೂತು ಅವುಗಳಿಗೆ ಪಾಠ ಹೇಳುತ್ತಿದ್ದಳು. ಲಾರಿ ಹತ್ತುವ ದಿನ ಅಣ್ಣ, “ನಾನು ಬರಗಂಟ ಅಟ್ಟಕ್ಕೆ ನೀನೇ ಯಜಮಾನ್ತಿ” ಎಂದು ಅವಳಿಗೆ ಹೇಳಿಹೋದ.

ಭಾದ್ರಪದದಲ್ಲಿ ಸೂರ್ಯಕಾಂತಿ ಕಾಳು ಕಟ್ಟಿತು. ಗಿಣಿಗಳ ಹಿಂಡು ಇಳಿಯಿತು. ಡಬ್ಬ ಬಡಿದೆವು, ಕವಣೆ ಬೀಸಿದೆವು. ಇದ್ದ ಒಂದು ಬೆದರುಬೊಂಬೆಗೆ ಅವು ಸೊಪ್ಪು ಹಾಕಲಿಲ್ಲ. ನೂರು ತಲೆ ನಿಲ್ಲಿಸಿದರೆ ಅಂಜುತ್ತವೆ ಎಂದು ನನಗನ್ನಿಸಿತು.

“ಲೇ ಚಂದ್ರಿ, ನಾಕು ದಿನಕ್ಕೆ ಆ ಟೋಪಿ ಕೊಡೇ.”

“ದೊಡ್ಡಪ್ಪನ್ನ ಕೇಳ್ದಲೆ ಮುಟ್ಟಂಗಿಲ್ಲ.”

“ಈ ಮನೆಗೆ ಯಜಮಾನ ಯಾರು?”

“ಮನೆಗೆ ನೀನು. ಅಟ್ಟಕ್ಕೆ ನಾನು.”

ಅಡಿಗೆಮನೆಯಿಂದ ನನ್ನ ಹೆಂಡತಿ ನಕ್ಕಳು. ಆ ನಗು ನನಗೆ ಚುಚ್ಚಿತು. ಗಿಣಿಯ ಕಾಟ ಒಂದು ನೆಪ ಅಷ್ಟೇ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನ ಅವಳು ಶಾಲೆಗೆ ಹೋದ ಮೇಲೆ ಟೋಪಿಗಳನ್ನೆಲ್ಲ ಎರಡು ಚೀಲಕ್ಕೆ ತುರುಕಿ ಹೊಲಕ್ಕೆ ಒಯ್ದೆ. ಜಾಲಿ ಕೋಲು ನೆಟ್ಟು ಒಂದೊಂದಕ್ಕೂ ಒಂದೊಂದು ಹಾಕಿದೆ. ನೋಡಲು ಜಾತ್ರೆಯ ಜನ ನಿಂತಂತೆ ಕಾಣುತ್ತಿತ್ತು. ಸಂಜೆ ಚಂದ್ರಿ ಬೋಳು ಕಾಯಿಗಳನ್ನು ಕಂಡು ಓಡಿಬಂದಳು. ಪಡುವಣದಲ್ಲಿ ಮೋಡ ಕಟ್ಟಿತ್ತು.

“ಮಳೆ ಬರ್ತೈತಪ್ಪ. ಇಬ್ರೂ ಹೋಗಾಣ, ತಂದ್ಬಿಡಾಣ. ನಿನ್ ಕಾಲಿಗೆ ಬೀಳ್ತೀನಿ.”

“ನಾಳೆ ನೋಡಾಣ ಹೋಗು,” ಎಂದೆ.

ಮೂರು ದಿನ ಸುರಿಯಿತು. ಎರೆಮಣ್ಣು ನೆನೆದರೆ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಹೊಲಕ್ಕೆ ಇಳಿಯುವಂತೆಯೇ ಇರಲಿಲ್ಲ. ನಾಲ್ಕನೆಯ ದಿನ ಹೋದಾಗ ಉಣ್ಣೆಯವು ಮುದುಡಿ ಮುಷ್ಟಿಯಷ್ಟಾಗಿದ್ದವು, ಬಣ್ಣದವು ಬಣ್ಣ ಬಿಟ್ಟು ಕೆಸರಾಗಿದ್ದವು. ಅಸ್ಸಾಮಿನ ಟೋಪಿಯ ಮೇಲೆ ಎರಡು ಗಿಣಿ ಕೂತು ನಿಶ್ಚಿಂತೆಯಿಂದ ಕಾಳು ಸುಲಿಯುತ್ತಿದ್ದವು.

ವಾರದಲ್ಲಿ ಅಣ್ಣ ಬಂದ. ಚೀಲ ಇಳಿಸಿ ನೇರ ಅಟ್ಟ ಹತ್ತಿದ. ಇಳಿದು ಬಂದವನು, “ಏನಾತೋ?” ಎಂದ. ಚಂದ್ರಿ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಜ ಹೇಳಿದರೆ ಅಣ್ಣತಮ್ಮಂದಿರ ನಡುವೆ ಬಿರುಕು ಬೀಳುತ್ತದೆ, ಮಕ್ಕಳು ಮಾಡಿದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದು ಆ ಗಳಿಗೆಯಲ್ಲಿ ನನ್ನ ಬುದ್ಧಿ ಲೆಕ್ಕ ಹಾಕಿತು.

“ನಿನ್ ಮುದ್ದಿನ ಯಜಮಾನ್ತಿನೇ ಕೇಳು. ಆಟಕ್ಕೆ ಅಂತ ಹೊಲಕ್ಕೆ ಹೊತ್ಕಂಡೋಗಿ ಮಳೆಗೆ ಬಿಟ್ಟವಳೆ,” ಎಂದೆ.

ಚಂದ್ರಿ ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ನಾನು ಮಾತು ತಿದ್ದಿಕೊಳ್ಳುತ್ತೇನೆ ಎಂದು ಕಾಯುವವಳಂತೆ ನೋಡಿದಳು. ನಾನು ಮುಖ ತಿರುಗಿಸಿದೆ.

“ಹೌದೇನವ್ವಾ?” ಅಣ್ಣ ಮೆಲ್ಲಗೆ ಕೇಳಿದ.

“ಹ್ಞೂಂ ದೊಡ್ಡಪ್ಪ. ನಾನೇ.”

ಅವನು ಅವಳ ತಲೆ ಸವರಿದ. “ಹೋಗ್ಲಿ ಬಿಡು. ಜೀವಕ್ಕಿಂತ ದೊಡ್ದಾ?” ಎಂದ. ನಂಬಿದನೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಆಮೇಲೆ ಅವನು ಟೋಪಿ ತರಲಿಲ್ಲ. ಬಳೆ, ರಿಬ್ಬನ್ನು ತಂದುಕೊಡುತ್ತಿದ್ದ. ಊಟಕ್ಕೆ ಬಡಿಸುವಾಗ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: “ನಿಮ್ ನಾಲಗೆಗೆ ಏನಾಗಿತ್ತು?” ಮನೆ ಒಡೆದೀತೆಂದು ಅವಳೂ ಬಾಯಿ ಮುಚ್ಚಿಕೊಂಡಳು.

ಮನೆ ಒಡೆಯಲಿಲ್ಲ, ನಿಜ. ಅಣ್ಣ ತನ್ನ ಕೊನೆಯ ದಿನದವರೆಗೂ ನನ್ನ ಕೈಯಲ್ಲೇ ನೀರು ಕುಡಿದ. ನಾನು ಹೇಳಲಿಲ್ಲ, ಹೇಳಲು ಹೊರಟು ಎಷ್ಟೋ ಸಲ ಅವನ ಕಾಲ ಬಳಿ ಸುಮ್ಮನೆ ಕೂತು ಎದ್ದುಬಂದೆ.

ಚಂದ್ರಿ ಈಗ ಹೊಳಲ್ಕೆರೆಯಲ್ಲಿ ಟೀಚರ್. ಹೋದ ವರ್ಷ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಧೈರ್ಯ ಮಾಡಿ ಆ ಟೋಪಿಗಳ ಮಾತೆತ್ತಿದೆ. ತಪ್ಪಾಯಿತು ಎಂದೆ. ಅವಳು ರಂಪ ಮಾಡಲಿ, ಇಷ್ಟು ವರ್ಷದ ಸಿಟ್ಟೆಲ್ಲ ತೀರಿಸಿಕೊಳ್ಳಲಿ ಎಂದು ತಲೆ ತಗ್ಗಿಸಿ ಕಾದೆ.

“ಹ್ಞೂಂ ಅಪ್ಪ,” ಎಂದಳು. “ಆರ್ತೈತೆ, ಉಣ್ಣು.”

ನನ್ನ ಮಗಳು ಒಳ್ಳೆಯವಳು. ಔಷಧಿ ತರುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ, ನಾನು ಏನು ಹೇಳಿದರೂ ಹ್ಞೂಂ ಎನ್ನುತ್ತಾಳೆ. ಆ ಮಳೆಗಾಲದಿಂದ ಈಚೆಗೆ ಅವಳು ನನ್ನ ಜೊತೆ ಒಂದು ಸಲವೂ ವಾದ ಮಾಡಿಲ್ಲ.