ಅಕ್ಕುತಾಯಿ ಪೇಟೆಗೆ ಬಂದದ್ದು

ನಿಪ್ಪಾಣಿ ಪೇಟೆಯೊಳಗಿನ ನಮ್ಮ ಗಲ್ಲಿಯನ್ನು ಹೊಗಳುವವರಿಗೆ ಈಗ ಬರವಿಲ್ಲ. ಬಾಡಿಗೆ ಮನೆ ತೋರಿಸುವ ಏಜೆಂಟರು ಬಾಯಿ ತೆರೆದರೆ ಸಾಕು: ಹಳೇ ಕಾಲದ ದೊಡ್ಡ ವಾಡೆ ಮನೆಗಳು, ಸಾಗವಾನಿ ಕಂಬಗಳು, ಕೂಗಳತೆಯಲ್ಲಿ ಮಾರ್ಕೆಟ್ಟು, ತಿರುವಿನಾಚೆ ಗಾರ್ಡನ್ನು, ಸಂಜೆಯಾದರೆ ಮಿಸಳ, ಭೇಳ, ಆಮ್ಲೇಟಿನ ಗಾಡಿಗಳ ಸಾಲು, ಎಲ್ಲಕ್ಕೂ ನಡೆದೇ ಹೋಗಬಹುದು. ಗಟಾರದ ವಾಸನೆಯ ಮಾತು ಮಾತ್ರ ಎತ್ತುವುದಿಲ್ಲ. ಆಯುಷ್ಯವಿಡೀ ಇಲ್ಲೇ ಹೊಲಿಗೆ ಯಂತ್ರ ತುಳಿದ ನನ್ನನ್ನು ಯಾರೂ ಕೇಳುವುದೂ ಇಲ್ಲ.

ಆದರೂ ಎದುರಿನ ವಾಡೆಗೆ ಬಾಡಿಗೆಗೆ ಬಂದ ಅಕ್ಕುತಾಯಿ ಟೆಂಪೊದಿಂದ ಇಳಿದ ದಿನ ನಾನೂ ಅದೇ ರಾಗ ಎಳೆದೆ.

"ಛಲೋ ಜಾಗಕ್ಕ ಬಂದ್ರಿ ನೋಡ್ರಿ. ಇಲ್ಲಿ ಎಲ್ಲಾ ನಡಕೊಂಡ ಹೋಗೂವಷ್ಟ ಸಮೀಪ ಐತಿ."

ಆಕೆ ಗೋಡೆ ಹಿಡಿದು ನಿಂತು, ನನ್ನ ಕೊರಳಲ್ಲಿದ್ದ ಟೇಪು ನೋಡಿ, "ನಡ್ಯೂದ ಒಂದ ಸುಖಾ ಏನ್ರಿ ಮಾಸ್ತರ? ನಡದ ನಡದ ಸಾಕಾಗೇ ಬಂದೀನಿ" ಎಂದಳು.

ಆಮೇಲೆ ತಿಳಿಯಿತು, ಆ ಮಾತಿನಲ್ಲಿ ಸುಳ್ಳಿರಲಿಲ್ಲ. ರಾಯಬಾಗದ ಕಡೆಯ ಹಳ್ಳಿಯವಳು. ಗಂಡ ತುಕಾರಾಮ ಬೇಗ ತೀರಿಕೊಂಡಿದ್ದ. ಬೆಳಕು ಹರಿಯುವ ಮೊದಲೇ ದೊಡ್ಡವರ ತೋಟಕ್ಕೆ ಕಬ್ಬು ಕಡಿಯಲು ನಡೆಯಬೇಕು, ಕತ್ತಲಾದ ಮೇಲೆ ವಾಪಸು ನಡೆಯಬೇಕು. ಮಗಳು ನೀಲಮಳನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬಂದದ್ದೂ ನಡೆದೇ. ಮಗಳು ಓದಿ ನರ್ಸ್ ಆಗುವ ಹೊತ್ತಿಗೆ ತಾಯಿಯ ಮೊಣಕಾಲು ಸವೆದು ಹೋಗಿದ್ದವು.

ನೀಲಮಳಿಗೆ ನಮ್ಮೂರ ದವಾಖಾನೆಯಲ್ಲಿ ನೌಕರಿ. ಎರಡು ಬಸ್ಸು ಬದಲಿಸಿ ಬಂದು ಹೋಗಿ ಆಕೆಯೂ ಹೈರಾಣಾಗಿದ್ದಳು. ಪೇಟೆಯಲ್ಲಿ ಮನೆ ಹುಡುಕಲು ಹೋದರೆ ಮೊದಲು ಕೇಳುತ್ತಿದ್ದುದು ಅಡ್ಡಹೆಸರು. ಹೇಳಿದ ಕೂಡಲೇ, "ಅಯ್ಯ, ಮನಿ ನಮ್ಮ ಬೀಗರು-ಪಾವಣ್ಯಾರಿಗೆ ಕೊಟ್ಟಬಿಟ್ಟೀವ್ರಿ" ಎನ್ನುತ್ತಿದ್ದರು. ಊರಾಚೆಯ ಕೇರಿಯವರು, ಬುದ್ಧನ ಫೋಟೊ ಇರುವ ಮನೆಯವರು ಎಂದು ಅಡ್ಡಹೆಸರಿನಿಂದಲೇ ಗೊತ್ತಾಗುತ್ತದಲ್ಲ. ಎದುರಿನ ವಾಡೆಯ ಗೌರಾಬಾಯಿಯವರೂ ಕೇಳಿದರು. ಒಂದು ಗಳಿಗೆ ತಡೆದರು. ಆಮೇಲೆ, "ನರ್ಸಬಾಯಿ ಹೌದಲ್ಲ? ಬರ್ರಿ, ಮುಂದಿನ ಖೋಲಿ ಖಾಲಿ ಐತಿ" ಎಂದರು. ಅಷ್ಟಕ್ಕೇ ಆ ಹುಡುಗಿ ನನ್ನ ಅಂಗಡಿಯೆದುರು ನಿಂತು ಕಣ್ಣು ಒರೆಸಿಕೊಂಡಿದ್ದಳು. ತನ್ನ ತಾಯಿ ಒಂದು ಒಳ್ಳೇ ಗಲ್ಲಿಯಲ್ಲಿ ಎಲ್ಲರ ಹಾಗೆ ಬದುಕಬೇಕು ಎಂಬುದೊಂದೇ ಆಕೆಯ ಆಸೆ.

ಗೌರಾಬಾಯಿಯವರು ಅಥಣಿಯ ಕಡೆಯ ದ್ರಾಕ್ಷಿ ತೋಟದ ಮನೆತನದವರು. ಮಗ ಪೇಟೆಯಲ್ಲಿ ಅಂಗಡಿ ಹಾಕಿದ ಮೇಲೆ ಆ ವಾಡೆ ಕೊಂಡು ಬಂದವರು. ತೋಟದ ಮನೆಯಲ್ಲಿ ಹಾದು ಹೋಗುವವರನ್ನೆಲ್ಲ ಚಹಾಕ್ಕೆ ಕರೆಯುವುದು ರೂಢಿ. ಇಲ್ಲೂ ಸಂಜೆ ಕಟ್ಟೆಯ ಮೇಲೆ ಕುಳಿತು ಕರೆಯುತ್ತಿದ್ದರು. ಪೇಟೆಯವರು ಮೊಬೈಲು ನೋಡುತ್ತ ಓಡುತ್ತಾರೆ, ಚಹಾಕ್ಕೆ ಕೂರುವವರು ಯಾರು? ಹಾಗಾಗಿ ಅಕ್ಕುತಾಯಿ ಸಿಕ್ಕದ್ದು ಅವರಿಗೆ ಹಬ್ಬವಾಯಿತು.

"ಅಕ್ಕುತಾಯಿ, ಬಾರವಾ, ಚಹಾ ಆರತೈತಿ!"

ಆಕೆ ಬಂದು ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಿದ್ದಳು. ಕಬ್ಬು, ಎಮ್ಮೆ, ಮಳೆ, ಮೊಣಕಾಲಿಗೆ ಹಚ್ಚುವ ಎಣ್ಣೆ, ಮಾತಿಗೇನು ಕಡಿಮೆ? ಇಬ್ಬರೂ ನಗುವುದು ಗಾಡಿಗಳ ಗದ್ದಲದಲ್ಲೂ ನನಗೆ ಕೇಳಿಸುತ್ತಿತ್ತು. ಕುಡಿದಾದ ಮೇಲೆ ಅಕ್ಕುತಾಯಿ ಗೋಡೆ ಹಿಡಿದು ಏಳುತ್ತಿದ್ದಳು, ಅಂಗಳದ ನಳದಲ್ಲಿ ತನ್ನ ಕಪ್ಪು ತೊಳೆದು, ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ತೋಟಗಳಲ್ಲಿ ಆಕೆಯ ಕೇರಿಯವರ ಕಪ್ಪು ಬೇರೆಯೇ ಇರುತ್ತಿತ್ತು. ಕುಡಿದವರೇ ತೊಳೆದು ಹೊರಗಿಡಬೇಕು. ಆ ಅಭ್ಯಾಸ ಟೆಂಪೊ ಹತ್ತಿ ಜೊತೆಗೇ ಬಂದಿತ್ತು. ಇಡು ಅಂತ ಗೌರಾಬಾಯಿಯವರು ಹೇಳಿರಲಿಲ್ಲ. ಇಡಬೇಡ ಅಂತಲೂ ಹೇಳಲಿಲ್ಲ. ದಿನ ಕಳೆದಂತೆ ಅದು ಅಕ್ಕುತಾಯಿಯ ಕಪ್ಪು, ಅದರ ಜಾಗ ಕಿಟಕಿ ಎಂದಾಯಿತು.

ಒಂದು ಸಂಜೆ ಡ್ಯೂಟಿಯಿಂದ ಬೇಗ ಬಂದ ನೀಲಮ ಅದನ್ನು ಕಂಡಳು. ಗಲ್ಲಿ ಇಕ್ಕಟ್ಟು, ಖೋಲಿಯೊಳಗಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತದೆ.

"ಆ ಕಪ್ಪ ಹೊರಗ ಇಡಂತ ಬಾಯಾರ ಹೇಳ್ಯಾರೇನ?"

"ಇಲ್ಲವಾ. ಯಾರೂ ಹೇಳಿಲ್ಲ."

"ಮತ್ತ್ಯಾಕ ಇಡತಿ?"

"ಕೈ ತಾವಾಗೇ ಹೋಗತಾವ ಬೇ. ಕುಡದ ಮ್ಯಾಲ ಸುಮ್ಮ ಕುಂದರಾಕ ನನಗ ಬರೂದಿಲ್ಲ."

"ಇದಕ್ಕೇನ ನಾ ನಿನ್ನ ಇಲ್ಲಿ ಕರಕೊಂಡ ಬಂದಿದ್ದು?" ಎಂದಳು ನೀಲಮ. "ಈ ಮನಿ ಬ್ಯಾಡ ನಮಗ. ಬ್ಯಾರೆ ನೋಡತೀನಿ."

"ಬ್ಯಾರೆ ಮನಿಗಿ ಹೋದರ ಈ ಕೈ ಇಲ್ಲೇ ಬಿಟ್ಟ ಹೋಗತೀನೇನ?" ಎಂದಳು ಅಕ್ಕುತಾಯಿ. "ನನಗ ಇನ್ನ ಎಲ್ಲಿಗೂ ಹೋಗೂದ ಆಗೂದಿಲ್ಲ ಮಗಳ. ಸಾಕಾಗೇತಿ."

ನನಗೆ ಸಿಟ್ಟು ಬಂತು, ಕತ್ತರಿ ಸೊಟ್ಟ ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರೆ. ಇದು ಹುಟ್ಟುಗುಣವೇನಲ್ಲ, ಬಡಿದು ಕಲಿಸಿದ್ದು. ಅಂಥದ್ದು ಇನ್ನೂ ಗಟ್ಟಿ.

ಮರುದಿನ ಸಂಜೆ ಎಂದಿನಂತೆ ಕರೆ ಬಂತು. ಅಕ್ಕುತಾಯಿ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ರಾತ್ರಿ ಡ್ಯೂಟಿಗೆ ಹೊರಟ ನೀಲಮ ಚಪ್ಪಲಿ ಸರಿಮಾಡುವ ನೆಪದಲ್ಲಿ ನನ್ನ ಅಂಗಡಿಯ ಮುಂದೆ ನಿಂತಳು.

ಚಹಾ ಮುಗಿಯಿತು. ಅಕ್ಕುತಾಯಿ ಖಾಲಿ ಕಪ್ಪನ್ನು ಪಕ್ಕಕ್ಕಿಟ್ಟಳು. ಕೈ ಒಮ್ಮೆ ಅದರ ಕಡೆ ಹೋಯಿತು, ಆಕೆ ಅದನ್ನು ಎಳೆದು ಸೆರಗಿನೊಳಗೆ ಸುತ್ತಿಕೊಂಡಳು. ಹೊರೆ ಹೊತ್ತು ಬೆಳೆದ ಹೆಂಗಸು, ಸುಮ್ಮನೆ ಕೂರುವ ಆ ಕೆಲಸಕ್ಕೆ ಹಣೆಯ ಮೇಲೆ ಬೆವರು ಮೂಡಿತ್ತು. ಗೌರಾಬಾಯಿಯವರು ಮಾತಾಡುತ್ತಿದ್ದವರು ತಡೆದರು. ಕಪ್ಪು ನೋಡಿದರು, ಕಿಟಕಿ ನೋಡಿದರು. ನೀಲಮ ಚಪ್ಪಲಿಯ ಪಟ್ಟಿ ಹಿಡಿದು ಬಗ್ಗಿಯೇ ಇದ್ದಳು.

ಕಡೆಗೆ ಗೌರಾಬಾಯಿಯವರು ಸೊಂಟ ಹಿಡಿದು ಎದ್ದರು. ತಮ್ಮ ಕಪ್ಪು ತಗೊಂಡರು. ನಿಂತರು. ಮತ್ತೆ ಬಗ್ಗಿ ಇನ್ನೊಂದನ್ನೂ ತಗೊಂಡು ಒಳಗೆ ಹೋದರು. ಪಾತ್ರೆ ತೊಳೆಯುವ ಮೋರಿಯಲ್ಲಿ ನೀರು ಬಿಟ್ಟ ಸದ್ದು ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಿಜವಾದ ಕಾಳಜಿಯಿಂದಲೇ ಕೇಳಿದರು:

"ಯಾಕ ಅಕ್ಕುತಾಯಿ, ಇವತ್ತ ಭಾಳ ದಣದೀ ಏನ?"

ಅಕ್ಕುತಾಯಿ ತಲೆ ಎತ್ತಿ ಅವರನ್ನು ನೋಡಿದಳು.

"ಹೌದ್ರಿ ಬಾಯಾರ" ಎಂದಳು. "ಇನ್ಮ್ಯಾಲ ದಿನಾ ದಣದಿರತೀನಿ."